ಜಾರುಬಂಡೆಯ ಕೆಳಗಿನ ಫರಸಿ

ನೀಲವ್ವಾ, ಶಾಲೆಯ ಜಾರುಬಂಡೆಯ ಮೇಲಿಂದ ನೀನು ಕೈಬಿಟ್ಟು ಬಿದ್ದೆ ಎಂದು ಊರಿಗೆಲ್ಲ ಹೇಳಿದವನು ನಾನು — ನಿನ್ನ ಹೆಡ್‌ಮಾಸ್ತರ. ಅದು ಸುಳ್ಳು. ನೀನು ಬಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಒಳಗೆ ಕೂತು ಚಹಾ ಕುಡಿಯುತ್ತಿದ್ದೆ.

ನೀನಾಗ ಎರಡನೇ ಇಯತ್ತೆ. ಗಲಗಲಿ ಕಡೆಯ ನಮ್ಮ ಊರು ಅಣೆಕಟ್ಟಿನ ಹಿನ್ನೀರಿಗೆ ಹೋಗಿ, ಬೀಳಗಿ ಹತ್ತಿರದ ಪುನರ್ವಸತಿ ಕೇಂದ್ರಕ್ಕೆ ನಾವೆಲ್ಲ ಬಂದ ಹೊಸತು. ಜಾರುಬಂಡೆಯ ಕೆಳಗೆ ಮೊದಲು ಹೊಳೆಯ ಉಸುಕಿತ್ತು, ಕಾಲು ಹೂಳುವಷ್ಟು. ಆದರೆ ಮಕ್ಕಳು ಅದನ್ನು ವರ್ಗದೊಳಗೆ ತರುತ್ತಾರೆ, ನಾಯಿಗಳು ಬಂದು ಮಲಗುತ್ತವೆ, ನೋಡಲು ಛಲೋ ಕಾಣುವುದಿಲ್ಲ ಎಂದು ಹಿರಿಯರ ಗೊಣಗಾಟ. ಮುಳುಗುವ ಮನೆಗಳಿಂದ ಎಲ್ಲರೂ ಕಲ್ಲು ಕಿತ್ತು ತಂದಿದ್ದರಲ್ಲ — ಉಸುಕು ತೆಗೆದು ಅಲ್ಲಿ ಹಾಸಲು ಮನೆಗೊಂದು ಫರಸಿ ಕಲ್ಲು ಕೊಟ್ಟರು. ಪಡಸಾಲೆಯದು, ದೇವರ ಕೋಣೆಯದು. ನಮ್ಮಪ್ಪ ಕೂಡುತ್ತಿದ್ದ ಕಟ್ಟೆಯ ಕಲ್ಲನ್ನು ನಾನೇ ನಟ್ಟನಡುವೆ ಹಾಸಿಸಿದೆ. ಊರು ಉಳಿಯಿತು ಎಂದು ಜನ ಕಣ್ಣೊರೆಸಿಕೊಂಡರು. ನನಗೆ ಶಾಲು ಹೊದಿಸಿದರು.

ಏನು ಊರೋ, ಏನು ಮಾಸ್ತರನೋ! ಊರು ಉಳಿಸಲು ಮಕ್ಕಳು ಬೀಳುವ ಜಾಗವೇ ಬೇಕಿತ್ತೇ? ಗರಡಿ ಮನೆಯಲ್ಲಿ ದಿನಾ ಗುದ್ದಲಿ ಹಿಡಿದು ಕೆಮ್ಮಣ್ಣು ಸಡಿಲಿಸಿದ ಮೇಲೆಯೇ ಕುಸ್ತಿಗೆ ಇಳಿಯುತ್ತಿದ್ದ ಜನ ನಾವು. ಮಣ್ಣು ಗಟ್ಟಿಯಾಗಿದ್ದರೆ ಉಸ್ತಾದ ನಮ್ಮನ್ನು ಇಳಿಯಗೊಡುತ್ತಿರಲಿಲ್ಲ. ಪೈಲವಾನನ ಬೆನ್ನಿಗೆ ಮೆತ್ತನೆ ಮಣ್ಣು, ಏಳು ವರ್ಷದ ಹುಡುಗಿಗೆ ಕಲ್ಲು! ಗೊತ್ತಿರಲಿಲ್ಲ ಎನ್ನಲು ನನಗೆ ಬಾಯಿಲ್ಲ. ಗೊತ್ತಿತ್ತು — ಆದರೆ ಆ ಶಾಲು...

ನಿನ್ನ ಮೊಣಕೈ ಮುರಿದ ದಿನ ನಿನ್ನವ್ವ ಕುರಿ ಬಿಟ್ಟು ಓಡಿ ಬಂದಳು. “ಮಾಸ್ತರ್ರ, ಕೂಸು ಆಡೂ ಜಾಗಾದಾಗ ಕಲ್ಲ ಯಾಕ ಹಾಸೀರಿ?” ಎಂದಳು. ಅದೊಂದೇ ಮಾತು. ಸುತ್ತ ಹಿರಿಯರು ನಿಂತಿದ್ದರು. ನಾನು ಹೇಳಿದೆ: “ಕಲ್ಲೇನ ಮಾಡ್ತಾವು ತಂಗಿ, ನಿನ್ನ ಮಗಳು ತಾನ ಕೈ ಬಿಟ್ಟು ಬಿದ್ದಾಳ.”

ಅವಳು ನಂಬಿದಳು. ನಿನಗೇ ಎರಡು ಬಾರಿಸಿದಳು — ಮುರಿದ ಕೈಯ ಹುಡುಗಿಗೆ! ನಾನು ನೋಡುತ್ತ ನಿಂತೆ. ಕೈ ಸೊಟ್ಟಗೇ ಕೂಡಿತು.

ಹೋದ ವಾರ ನೀನು ಮಗಳ ಹೆಸರು ಹಚ್ಚಲು ಅದೇ ಶಾಲೆಗೆ ಬಂದಿದ್ದೆ. ನಿವೃತ್ತನಾದ ನಾನು ಗೇಟಿನ ಬಳಿ ಕೂತಿದ್ದೆ. ಮಗಳು ಜಾರುಬಂಡೆ ಏರಿದಳು. ಕೆಳಗೆ ಅದೇ ಕಲ್ಲು. ನೀನು ಕೂಗಿದೆ: “ಗಟ್ಟಿ ಹಿಡ್ಕೊ ನಮ್ಮವ್ವ, ನಾ ಕೈ ಬಿಟ್ಟು ಬಿದ್ದಿದ್ನಿ.” ನನ್ನ ಸುಳ್ಳನ್ನು ಇಷ್ಟು ವರ್ಷ ನಿನ್ನ ತಪ್ಪೆಂದು ಹೊತ್ತಿದ್ದೀಯಲ್ಲ! ಆಗಲೂ ನಾನು ತುಟಿ ಬಿಚ್ಚಲಿಲ್ಲ. ಥೂ ನನ್ನ ಜನ್ಮಕ್ಕೆ.

ಮಕ್ಕಳು ಕೈ ಬಿಡುತ್ತಾರೆ, ನೀಲವ್ವಾ. ನೀನು ಬಿಟ್ಟಿದ್ದರೂ ತಪ್ಪು ನಿನ್ನದಲ್ಲ. ಅವರು ಬೀಳುತ್ತಾರೆಂದೇ ಅಲ್ಲಿ ಉಸುಕು ಇರಬೇಕಾದದ್ದು. ನಾಳೆ ಹಾರೆ ಹಿಡಿದು ಬರುತ್ತೇನೆ. ಯಾರು ಸಿಟ್ಟಾದರೂ ಆಗಲಿ, ಮೊದಲು ಅಪ್ಪನ ಕಲ್ಲು ಕೀಳುತ್ತೇನೆ. ಅದಕ್ಕೂ ಮೊದಲು ನಿಮ್ಮ ಮನೆಗೆ ಬಂದು, ನಿನ್ನ ಮಗಳೆದುರೇ ನಿನ್ನವ್ವನಿಗೆ ಹೇಳುತ್ತೇನೆ — ಅಂದು ಆ ಏಟು ತಿನ್ನಬೇಕಾಗಿದ್ದವನು ನಾನು.