ಹಸಿರು ಗುಂಡಿಯೂ ನನ್ನ ‘ಸರಿ ಉಂಟು’ವೂ

ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎಂದು ಹೇಳಬೇಕು. ತಂಗಿ ನನ್ನಲ್ಲಿ ಕೇಳಿದ್ದು ಇಷ್ಟೇ. ಅದನ್ನೂ ನಾನು ಮಾಡಲಿಲ್ಲ.

ನಾನು ಕಡಬದಲ್ಲಿ ರವಿಕೆ ಹೊಲಿಯುವವಳು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತಂಗಿಗೆ ಪುತ್ತೂರಿನ ಒಂದು ಸಣ್ಣ ಕಚೇರಿಯಲ್ಲಿ ಕೆಲಸ. ಮಾತ್ರೆಯ ಹೊತ್ತಿಗೆ ಕೂಗಿ ನೆನಪಿಸುವ ಒಂದು ಆ್ಯಪ್ ಅಲ್ಲಿ ತಯಾರಾಗುತ್ತಿತ್ತು. ಅದರಲ್ಲಿ ಯಾವ ಗುಂಡಿ ಎಲ್ಲಿರಬೇಕು, ಏನು ಬರೆದಿರಬೇಕು ಎಂದು ಯೋಚಿಸುವುದು ತಂಗಿಯ ಪಾಲಿನ ಕೆಲಸ. ಅದನ್ನು ಮೊದಲು ಪರೀಕ್ಷಿಸಲು ನನ್ನ ಅಂಗಡಿಗೇ ಬಂದಳು. ಜೊತೆಗೆ ಬರೆದುಕೊಳ್ಳಲು ಕಚೇರಿಯ ಇನ್ನೊಬ್ಬಳು ಹುಡುಗಿ.

“ಅಕ್ಕಾ, ಪರೀಕ್ಷೆ ನಿನಗಲ್ಲ, ಫೋನಿಗೆ. ಮನಸ್ಸಲ್ಲಿ ಎಂತ ಬರ್ತದೋ ಅದನ್ನು ಬಾಯಿಬಿಟ್ಟು ಹೇಳು. ಬೈಯುದಾದ್ರೆ ಬೈ.”

ಫೋನು ಕೂಗಿತು. ಒಂದು ಹಸಿರು ಗುಂಡಿ, ಅದರೊಳಗೆ ಸರಿ ಗುರುತು. ಮಾತ್ರೆ ನುಂಗಿದೆ ಎನ್ನಲು ಅದನ್ನು ಒತ್ತುವುದೋ, ಕೂಗಿದ್ದು ಕೇಳಿಸಿತು ಎನ್ನಲೋ, ತಿಳಿಯಲಿಲ್ಲ. ಆ ಹುಡುಗಿಯ ಪೆನ್ನು ನೋಡಿ ನಾಚಿಕೆಯಾಯಿತು. ಒತ್ತಿದೆ. ಕೂಗು ನಿಂತಿತು.

“ಸರಿ ಉಂಟು,” ಎಂದೆ. “ಭಾರಿ ಸುಲಭ ಉಂಟು.”

ಹೊಲಿದ ರವಿಕೆ ಹಾಕಿ ಟ್ರಯಲ್ ನೋಡುವಾಗ ಹೀಗೆಯೇ ‘ಸರಿ ಉಂಟು’ ಎಂದು ಹೋಗಿ, ಮದುವೆಯ ಮರುದಿನ ಕೈ ಎತ್ತಲಾಗಲಿಲ್ಲ ಎಂದು ಜಗಳಕ್ಕೆ ಬರುವ ಗಿರಾಕಿಗಳನ್ನು ನಾನು ಎಷ್ಟು ಬೈದಿಲ್ಲ! ಅವತ್ತು ಅದು ನೆನಪಿಗೇ ಬರಲಿಲ್ಲ.

ತಂಗಿ ಖುಷಿಯಲ್ಲಿ ಅದನ್ನು ನಮ್ಮ ಅಮ್ಮನ ಫೋನಿಗೆ ಹಾಕಿದಳು. ಅಮ್ಮನಿಗೆ ಶುಗರ್. ನನ್ನ ಮನೆಯಲ್ಲಿ ಅಮ್ಮ ಗುಂಡಿ ಒತ್ತಿದರೆ ತಂಗಿಗೆ ಪುತ್ತೂರಿನಲ್ಲಿ ಕಾಣುತ್ತಿತ್ತು. ದಿನವೂ ಹಸಿರು. ಇನ್ನು ಊರವರ ಫೋನಿಗೂ ಹಾಕುವುದೆಂದು ಕಚೇರಿಯಲ್ಲಿ ತೀರ್ಮಾನವಾಯಿತು.

ಅಷ್ಟರಲ್ಲಿ ಅಮ್ಮನ ರಕ್ತ ಪರೀಕ್ಷೆಯ ದಿನ ಬಂತು. ಮೂವರೂ ಹೋದೆವು. ಶುಗರ್ ಏರಿತ್ತು.

“ಮಾತ್ರೆ ತಗೊಳ್ಳುದಿಲ್ವಾ ಅಮ್ಮ?” ಡಾಕ್ಟರು ಕೇಳಿದರು.

“ತಗೊಳ್ತಾರೆ ಡಾಕ್ಟ್ರೇ, ನೋಡಿ,” ತಂಗಿ ಫೋನು ಮುಂದೆ ಹಿಡಿದಳು.

“ಅದಾ?” ಎಂದರು ಅಮ್ಮ. “ಅದು ಬೊಬ್ಬೆ ಹೊಡಿಯುವಾಗ ನಾನು ಒತ್ತುದು ಮಾರಾಯ್ತಿ. ಒತ್ತಿದ್ರೆ ಬಾಯಿ ಮುಚ್ತದೆ. ಮಾತ್ರೆ ಮತ್ತೆ ನೆನಪಾದ್ರೆ ತಗೊಳ್ಳುದು.”

ಡಾಕ್ಟರು ಕುರ್ಚಿಗೆ ಒರಗಿ ನಕ್ಕರು. ಅಮ್ಮನೂ ಏನೋ ಗೆದ್ದವರಂತೆ ನಕ್ಕರು. ತಂಗಿ ನಗಲಿಲ್ಲ.

“ಅಕ್ಕನಿಗೆ ಅರ್ಥ ಆಗಿತ್ತಲ್ಲ? ನಾನೇ ಎಂತದೋ ತಪ್ಪು ಮಾಡಿದ್ದೇನೆ.”

ನಾನು ಅಮ್ಮನ ಚೀಲದ ಜಿಪ್ಪು ಎಳೆಯತೊಡಗಿದೆ.

ಅಲ್ಲಿಂದ ಮುಂದೆ ಮಾತ್ರೆಯನ್ನು ನಾನೇ ಅಮ್ಮನ ಅಂಗೈಗೆ ಹಾಕುತ್ತಿದ್ದೆ. “ಫೋನೇ ವಾಸಿ, ಒತ್ತಿದ್ರೆ ಸುಮ್ಮನಾಗ್ತದೆ,” ಎಂದು ಅಮ್ಮ ಗೊಣಗುತ್ತಿದ್ದರು. ಶುಗರ್ ಹತೋಟಿಗೆ ಬಂತು. ಆ್ಯಪನ್ನು ಊರವರಿಗೆ ಕೊಡುವುದನ್ನು ಮಾತ್ರ ಕಚೇರಿಯವರು ನಿಲ್ಲಿಸಿದರು. ತಂಗಿ ಹಗಲಿಡೀ ಫೋನಿನ ಪರದೆ ಹೇಗಿರಬೇಕೆಂದು ಕಾಗದದಲ್ಲಿ ಬರೆದು ಹರಿದು ಹಾಕುತ್ತಿದ್ದಳಂತೆ.

ಕೊನೆಗೆ ಒಂದು ದಿನ ಮತ್ತೆ ಅಂಗಡಿಗೆ ಬಂದಳು. ಅದೇ ಹುಡುಗಿ, ಅದೇ ಪೆನ್ನು. ಫೋನು ಕೂಗಿತು. ಈಗ ಗುಂಡಿ ಎರಡು: ‘ಮಾತ್ರೆ ನುಂಗಿದೆ’, ‘ಸ್ವಲ್ಪ ಹೊತ್ತು ಬಿಟ್ಟು ನೆನಪಿಸು’.

“ಮನಸ್ಸಲ್ಲಿ ಬಂದದ್ದು ಹೇಳು ಅಕ್ಕಾ.”

ಕತ್ತರಿ ಕೆಳಗಿಟ್ಟೆ.

“ಇದು ಅರ್ಥ ಆಯ್ತು. ಅವತ್ತಿನದ್ದು ಆಗಿರ್ಲಿಲ್ಲ. ಇವಳೆದುರು ನಾಚಿಕೆಯಾಗಿ ಸುಳ್ಳು ಹೇಳಿದೆ. ಬರ್ಕೊ ಹುಡುಗಿ, ಇದನ್ನೂ ಬರ್ಕೊ. ನಿನ್ನದೊಬ್ಬಳದ್ದೇ ತಪ್ಪು ಅಂತ ತಿಳ್ಕೊಳ್ಬೇಡ ತಂಗಿ, ನಾನು ಹೇಳ್ಬೇಕಿತ್ತು. ತಪ್ಪಾಯ್ತು ಮಾರಾಯ್ತಿ.”