ಎಡಗಾಲು ಬೇಡದ ಎಂಜಿನ್

ಚಿಕ್ಕಂದಿನಲ್ಲಿ ಬಂದ ಪೋಲಿಯೋ ನನ್ನ ಎಡಗಾಲನ್ನು ಸೊರಗಿಸಿಬಿಟ್ಟಿತ್ತು. ತೊಡೆಯ ಮೇಲೆ ಕೈಯೂರಿಕೊಂಡು ನಡೆಯುತ್ತಿದ್ದೆ. ಆದರೆ ಆ ಕಾಲಿನಿಂದ ಏನನ್ನೂ ಒತ್ತಲು ಆಗುತ್ತಿರಲಿಲ್ಲ. ಅರಸೀಕೆರೆಯಲ್ಲಿ ರೈಲ್ವೆ ಗೇಟಿನ ಆಚೆಗೆ ಭಾವನ ಗ್ಯಾರೇಜಿತ್ತು. ಅಕ್ಕನನ್ನು ಮದುವೆಯಾದ ಮೇಲೆ ಅವರೇ ನನ್ನನ್ನು ಕರೆಸಿಕೊಂಡು ವೆಲ್ಡಿಂಗ್ ಕಲಿಸಿದರು. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅಲ್ಲಿ ಬೆಸುಗೆಯ ಕೆಲಸವೆಲ್ಲ ನನ್ನದು, ಎಂಜಿನ್ ಕೆಲಸ ಭಾವನದು.

ಒಮ್ಮೆ ಅರೇಹಳ್ಳಿ ಕಡೆಯ ತೋಟದ ಮಾಲೀಕರೊಬ್ಬರ ಜೀಪ್ ರಿಪೇರಿಗೆಂದು ಇಬ್ಬರೂ ಹೋಗಿದ್ದೆವು. ಕಾಫಿ ಕೊಯ್ಲು ಮುಗಿದಿತ್ತು. ಗದ್ದೆ ಬಯಲಿನಲ್ಲಿ ತೋಟದವರೆಲ್ಲ ಸೇರಿ ಬಗ್ಗಿಗಳ ರೇಸ್ ಇಟ್ಟುಕೊಂಡಿದ್ದರು. ಬಾಗಿಲಿಲ್ಲ, ಚಾವಣಿಯಿಲ್ಲ. ಕಬ್ಬಿಣದ ಪೈಪುಗಳ ಗೂಡಿಗೆ ನಾಲ್ಕು ಚಕ್ರ, ಒಂದು ಸೀಟು, ಹಿಂದೊಂದು ಎಂಜಿನ್, ಅಷ್ಟೆ. ಅವು ಬದುಗಳ ಮೇಲಿಂದ ಹಾರಿ ಹಾರಿ ಬೀಳುವುದನ್ನು ಬಾಯಿ ಬಿಟ್ಟುಕೊಂಡು ನೋಡಿದೆ.

"ಭಾವ, ಇದನ್ನ ನಾವೂ ಮಾಡ್ಬೋದು."

"ಮಾಡ್ಬೋದು ಕಣೋ. ಗೂಡು ನೀನು ಕಟ್ಟು, ಎಂಜಿನ್ ನಾನು ಕೂರಿಸ್ತೀನಿ. ಮುಂದಿನ ವರ್ಷ ಬಂದು ಓಡಿಸೇ ಬಿಡ್ತೀನಿ."

"ಓಡ್ಸೋನು ನಾನು."

ಭಾವ ನನ್ನ ಕಾಲಿನ ಕಡೆ ನೋಡಲಿಲ್ಲ. ನೋಡಬಾರದೆಂದು ಅವರು ಪಟ್ಟ ಪಾಡು ಮಾತ್ರ ನನಗೆ ಕಾಣಿಸಿತು.

ಮಳೆಗಾಲ ಮುಗಿಯುವುದರೊಳಗೆ ಗೂಡು ಕಟ್ಟಿದೆ. ಹತ್ತಿರದ ಗಂಡಸಿ ಊರಿನಲ್ಲಿ ಗುಜರಿ ಸೇರಿದ್ದ ಟ್ಯಾಕ್ಸಿಯೊಂದರ ಎಂಜಿನ್ನನ್ನು ಭಾವ ಟೆಂಪೋದಲ್ಲಿ ಹೇರಿಕೊಂಡು ಬಂದರು. ಗೇರ್ ಬದಲಿಸುವಾಗಲೆಲ್ಲ ಒತ್ತಬೇಕಾದ ಅದರ ಕ್ಲಚ್ ಪೆಡಲ್ ಇರುವುದು ಎಡಗಾಲಿಗೆ. ನಾನು ಪೆಡಲಿಗೆ ಉದ್ದನೆಯ ಸಲಾಕೆ ಬೆಸೆದು, ಅದನ್ನು ಕೈಯಲ್ಲಿ ಎಳೆಯುವಂತೆ ಮಾಡಿದೆ. ಬೇಸಿಗೆ ಹತ್ತಿರವಾದಾಗ ಹಾರನಹಳ್ಳಿ ಕಡೆಯ ಒಂದು ಒಣಗಿದ ಕೆರೆಯಂಗಳಕ್ಕೆ ಬಗ್ಗಿಯನ್ನು ಎಳೆದುಕೊಂಡು ಹೋದೆವು.

ನೇರಕ್ಕೆ ಚೆನ್ನಾಗಿಯೇ ಹೋಯಿತು. ತಿರುವು ಬಂದಾಗ ಎಡವಟ್ಟಾಯಿತು. ಸ್ಟೀರಿಂಗಿಗೊಂದು ಕೈ, ಕ್ಲಚ್ಚಿಗೊಂದು ಕೈ, ಗೇರಿಗೆ ಕೈಯೇ ಇಲ್ಲ. ಸ್ಟೀರಿಂಗ್ ಬಿಟ್ಟು ಗೇರಿಗೆ ಕೈ ಹಾಕಿದೆ. ಗಾಡಿ ತನ್ನಷ್ಟಕ್ಕೆ ಹೋಗಿ ಜಾಲಿ ಮೆಳೆಗೆ ನುಗ್ಗಿತು. ಭಾವ ಓಡಿ ಬಂದು ನನ್ನನ್ನು ಎಳೆದು ಹೊರಗೆ ಕೂರಿಸಿ, ಬೆನ್ನಿಗೆ ನೆಟ್ಟ ಮುಳ್ಳುಗಳನ್ನು ಒಂದೊಂದಾಗಿ ಕಿತ್ತರು.

"ಹಟ ಬಿಡೋ. ಕಟ್ಟಿದೋನು ನೀನೇ ಅಲ್ವೇನೋ? ನಾನು ಓಡಿಸಿದ್ರೂ ಅದು ನಿನ್ನ ಗಾಡಿನೇ."

ಪ್ರೀತಿಯಿಂದಲೇ ಹೇಳಿದರು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಆ ವಾರವೆಲ್ಲ ಅವರ ಹತ್ತಿರ ನೆಟ್ಟಗೆ ಮಾತಾಡಲಿಲ್ಲ. ಗ್ಯಾರೇಜಿಗೆ ಬಂದ ಪ್ರತಿ ಗಾಡಿಯ ಕ್ಲಚ್ಚನ್ನೂ ಬಾಗಿ ನೋಡುತ್ತಿದ್ದೆ. ಒಬ್ಬರು ರಿಪೇರಿಗೆ ಬಿಟ್ಟ ಮೋಟಾರ್ ಸೈಕಲ್ಲಿನ ಹ್ಯಾಂಡಲ್ ಹಿಡಿದಾಗ ತಲೆಗೆ ಹೊಳೆಯಿತು. ಇದರ ಕ್ಲಚ್ ಇರುವುದೇ ಕೈಯಲ್ಲಿ, ಹಿಡಿಯ ಪಕ್ಕದಲ್ಲೇ. ಇಂಥ ಎಂಜಿನ್ನನ್ನೇ ಬಗ್ಗಿಗೆ ಕೂರಿಸಿ, ಗೇರನ್ನು ಕಾಲಿನ ಬದಲು ಒಂದು ಕೋಲಿನಿಂದ ಹಿಂದಕ್ಕೆ ಮುಂದಕ್ಕೆ ತಳ್ಳುವಂತೆ ಮಾಡಿ, ಆ ಕೋಲಿಗೇ ಕ್ಲಚ್ಚಿನ ಹಿಡಿಯನ್ನೂ ಕೂರಿಸಿದರೆ ಎರಡೂ ಕೆಲಸ ಎಡಗೈಗೆ. ಬಲಗೈಗೆ ಸ್ಟೀರಿಂಗ್. ಆಕ್ಸಿಲರೇಟರ್, ಬ್ರೇಕು ಬಲಗಾಲಿಗೆ.

ಭಾವ ಪೂರ್ತಿ ಕೇಳಿಸಿಕೊಂಡರು. "ಕಾರಿನ ಎಂಜಿನ್ನಿನ ಅರ್ಧ ಪವರ್ರೂ ಬರಲ್ಲ. ರಿವರ್ಸ್ ಬೇರೆ ಇಲ್ಲ. ಎಲ್ಲಾದ್ರೂ ಸಿಗಾಕ್ಕೊಂಡ್ರೆ?"

"ಇಳಿದು ತಳ್ತೀನಿ."

"ನೀನಾ?" ಎಂದವರು ತಟ್ಟನೆ ನಾಲಿಗೆ ಕಚ್ಚಿಕೊಂಡರು.

"ಹೂಂ, ನಾನೇ."

ಅಂಥ ಎಂಜಿನ್ ಹಳೇಬೀಡಿನಲ್ಲಿದೆಯೆಂದು ತಿಳಿದು ಬಸ್ಸು ಹತ್ತಿದೆ. ಬಸದಿಯ ಹತ್ತಿರದ ಮನೆಯೊಂದರಲ್ಲಿ ವಯಸ್ಸಾದ ಜೈನ ವ್ಯಾಪಾರಿಯೊಬ್ಬರಿದ್ದರು. ಮೆಣಸಿನಕಾಯಿ, ಕೊಬ್ಬರಿ ಕೊಳ್ಳಲು ಸಂತೆಯಿಂದ ಸಂತೆಗೆ ಮೋಟಾರ್ ಸೈಕಲ್ಲಿನಲ್ಲೇ ಸುತ್ತಿದವರು. ಕಣ್ಣು ಮಂಜಾದ ಮೇಲೆ ಗಾಡಿ ಕೊಟ್ಟಿಗೆಯ ಮೂಲೆ ಸೇರಿತ್ತು. ಎಂಜಿನ್ ಯಾತಕ್ಕೆಂದು ಕೇಳಿದರು. ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದೆ. ಅವರು ನನ್ನ ಎರಡೂ ಕೈ ಹಿಡಿದು ಅಂಗೈ ಸವರಿ ನೋಡಿದರು.

"ಗುಜರಿಯೋರು ಎಷ್ಟೋ ಸಲ ಬಂದು ಕೇಳಿದ್ರು ಕಣಪ್ಪ, ಕೊಡ್ಲಿಲ್ಲ. ಓಡ್ಸೋರಿಗಾದ್ರೆ ಕೊಡ್ತೀನಿ. ನಮ್ಮನೆ ಮುಂದಿನ ಗೇಟು ಬಿದ್ದೋಗೈತೆ, ಅದನ್ನ ನಿಲ್ಸಿಕೊಡು."

ಗೇಟು ನಿಲ್ಲಿಸಿಕೊಟ್ಟು ಎಂಜಿನ್ ತಂದೆ. ಮನಸ್ಸಿಲ್ಲದಿದ್ದರೂ ಭಾವ ಅದನ್ನು ಪೂರಾ ಬಿಚ್ಚಿ, ತೊಳೆದು, ಹೊಸದರಂತೆ ಕಟ್ಟಿಕೊಟ್ಟರು. ಎಡಗಾಲಿನ ಮೇಲೆ ನಿಂತು ಕಿಕ್ ಹೊಡೆಯಲು ನನಗೆ ಆಗುವುದಿಲ್ಲವೆಂದು ಕಿಕ್ಕರಿಗೆ ಉದ್ದನೆಯ ಪೈಪು ಬೆಸೆದು, ಕೈಯಿಂದ ಒತ್ತಿ ಸ್ಟಾರ್ಟ್ ಮಾಡುವಂತೆ ಮಾಡಿಕೊಂಡೆ.

ರೇಸಿನ ದಿನ ಬಗ್ಗಿಯನ್ನು ಲಾರಿಗೆ ಹೇರಿ ಬೇಲೂರಿನ ಮೇಲೆ ಅರೇಹಳ್ಳಿಗೆ ಹೋದೆವು. ಉಳಿದವರದೆಲ್ಲ ಜೀಪಿನ, ಕಾರಿನ ಎಂಜಿನ್ನುಗಳು. ನೇರ ದಾರಿಯಲ್ಲಿ ಒಬ್ಬೊಬ್ಬರಾಗಿ ನನ್ನನ್ನು ಹಿಂದೆ ಹಾಕಿದರು. ತಿರುವುಗಳಲ್ಲಿ ನನ್ನದು ಹಗುರ, ಹಾಗಾಗಿ ಇಬ್ಬರನ್ನು ಹಿಡಿದೆ. ಅದೇ ಉಮೇದಿನಲ್ಲಿ ಬದುವೊಂದನ್ನು ಜೋರಾಗಿ ಹತ್ತಿಸಿದೆ. ಆಚೆ ಕಾಲುವೆಯಿತ್ತು. ಮುಂದಿನ ಚಕ್ರಗಳು ಅದರೊಳಗೆ ಇಳಿದು ಎಂಜಿನ್ ಆಫ್ ಆಯಿತು.

ಹೊರಗಿನವರು ಗಾಡಿ ಮುಟ್ಟಿದರೆ ಆಟದಿಂದ ಹೊರಗೆ ಎಂದು ಮೊದಲೇ ಹೇಳಿದ್ದರು. ಬಯಲಿನ ಸುತ್ತ ಕಟ್ಟಿದ್ದ ಹಗ್ಗ ದಾಟಿ ಓಡಿ ಬರುತ್ತಿದ್ದ ಭಾವನಿಗೆ, "ಮುಟ್ಬೇಡಿ ಭಾವ!" ಎಂದು ಕೂಗಿದೆ. ಅವರು ಅಲ್ಲೇ ನಿಂತರು. ಕಾಲುವೆಗೆ ಇಳಿದು, ಆಚೆ ದಡಕ್ಕೆ ಬೆನ್ನು ಕೊಟ್ಟು ಕೂತು, ಬಲಗಾಲನ್ನು ಮುಂದಿನ ಪೈಪಿಗೆ ಒತ್ತಿ ತಳ್ಳಿದೆ. ಅಲುಗಲಿಲ್ಲ. ಇನ್ನೊಮ್ಮೆ ತಳ್ಳಿದೆ. ಚೂರು ಅಲುಗಿ ಮತ್ತೆ ಅಲ್ಲಿಗೇ ಬಂತು. ತಳ್ಳುವುದು, ಬಿಡುವುದು, ತೊಟ್ಟಿಲಿನ ಹಾಗೆ ತೂಗುತ್ತಾ ಹೋದೆ. ಬಾಯಿಗೆ ಕೆಸರು ಹೋಗಿತ್ತು. ಕೊನೆಗೆ ಚಕ್ರಗಳು ಬದು ಹತ್ತಿ ಗಾಡಿ ಹಿಂದಕ್ಕೆ ಸರಿಯಿತು. ತೆವಳಿಕೊಂಡು ಹೋಗಿ ಕಿಕ್ಕರಿನ ಪೈಪು ಒತ್ತಿದೆ. ಎಂಜಿನ್ ಒಂದೆರಡು ಸಲ ಕೆಮ್ಮಿ ಹತ್ತಿಕೊಂಡಿತು. ಕಾಲುವೆಯನ್ನು ಬಳಸಿಕೊಂಡು ಹೊರಟೆ.

ಓಟ ಮುಗಿಸಿದವರಲ್ಲಿ ನಾನು ಕೊನೆಯವನು. ಮೂರು ಗಾಡಿಗಳು ಮುಗಿಸಲಾಗದೆ ಬಯಲಿನಲ್ಲೇ ನಿಂತಿದ್ದವು.

ಭಾವ ತಮ್ಮ ಟವೆಲ್ಲಿನಿಂದ ನನ್ನ ಮುಖ ಒರೆಸಿದರು. "ಕಾರಿನ ಎಂಜಿನ್ ಆಗಿದ್ರೆ ನಿನ್ನ ಕೈಲಿ ಅಲ್ಲಾಡ್ಸಕ್ಕೂ ಆಗ್ತಿರ್ಲಿಲ್ಲ ಕಣೋ," ಎಂದರು.

"ಅದ್ರಾಗೆ ರಿವರ್ಸ್ ಇರ್ತಿತ್ತಲ್ಲ ಭಾವ," ಎಂದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಮುಂದಿನ ಭಾನುವಾರ ಕೆರೆಯಂಗಳದಲ್ಲಿ ಭಾವ ತಾವೂ ಒಂದು ಸುತ್ತು ಓಡಿಸುತ್ತೇನೆಂದು ಕೂತರು. ಹೊರಡುವಾಗಲೆಲ್ಲ ಅವರ ಎಡಗಾಲು ಇಲ್ಲದ ಪೆಡಲನ್ನು ಹುಡುಕಿ ನೆಲಕ್ಕೆ ಒದೆಯುತ್ತಿತ್ತು, ಎಡಗೈ ಸುಮ್ಮನಿರುತ್ತಿತ್ತು. ಎಂಜಿನ್ ಮತ್ತೆ ಮತ್ತೆ ಆಫ್ ಆಯಿತು.

"ಈ ಕಾಲು ಸುಮ್ನೆ ಇರಲ್ಲ ಅಂತದಲ್ಲೋ," ಎಂದರು.

"ಅದನ್ನ ಮಡಚಿಕೊಂಡು ಕೂತ್ಕೊಳಿ. ಈಗ ಕ್ಲಚ್ ಹಿಡಿದು ನಿಧಾನಕ್ಕೆ ಬಿಡಿ," ಎಂದೆ. ಮೂರು ಸುತ್ತು ನಾನು ಬದಿಯಲ್ಲಿ ನಿಂತು ಕೂಗಿ ಹೇಳಿದ ಮೇಲೆ ಅವರಿಗೆ ಹಿಡಿತ ಸಿಕ್ಕಿತು.