ಭರಮವ್ವನ ಕೊಡದ ಪಾಳಿ

ನಮ್ಮ ಓಣಿಯ ನಳಕ್ಕೆ ನೀರು ಬರುವ ದಿನ ಕೊಡಗಳ ಪಾಳಿ ಹಚ್ಚುವವಳು ಭರಮವ್ವ. ಶಿಗ್ಗಾಂವದ ಹೆದ್ದಾರಿಗೆ ಹತ್ತಿದ ಈ ಓಣಿಗೆ ಅವಳು ಗಂಡನ ಬೆನ್ನು ಹಿಡಿದು ಯಲವಿಗಿಯಿಂದ ಬಂದು ಇಪ್ಪತ್ತೆಂಟು ವರ್ಷವಾಯಿತು. ಗಂಡ ಕಾಳಿನ ಅಡತಿ ಅಂಗಡಿಯಲ್ಲಿ ಚೀಲ ಹೊರುತ್ತಿದ್ದ. ಅವನು ತೀರಿಹೋದ ಮೇಲೆ ರೊಟ್ಟಿ ಬಡಿದು ಮಾರಿ ಮನೆ ನಡೆಸಿದಳು. ಯಾವ ಮನೆಗೆ ಯಾರು ಯಾವಾಗ ಬಂದರೆಂಬುದು ಅವಳ ನಾಲಿಗೆಯ ತುದಿಯಲ್ಲಿದೆ. ಮೊದಲು ಬಂದವರ ಕೊಡ ಮೊದಲು, ಆಮೇಲೆ ಬಂದವರದು ಹಿಂದೆ. ಹೊಸಬರಿಗೆ ಓಣಿಯವರೊಬ್ಬರು ಜಾಮೀನು ನಿಲ್ಲಬೇಕು. ಅಲ್ಲಿಯವರೆಗೆ ಅವರ ಕೊಡ ಪಾಳಿಗಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ. ನಾನು ಶಾಲೆಯ ಮೆಟ್ಟಿಲು ತುಳಿಯದೆ ಅಂಗಡಿಯ ಹಲಗೆ ನೋಡಿ ಓದು ಕಲಿತವನು, ಕಾಯಿದೆ ಪುಸ್ತಕಗಳನ್ನೂ ತಿರುವಿದ್ದೇನೆ. ಇಷ್ಟು ಗಟ್ಟಿ ಕಾಯಿದೆ ಕಂಡಿಲ್ಲ.

ಈ ಬೇಸಿಗೆಯಲ್ಲಿ ಮೂಲೆಯ ಬಾಡಿಗೆ ಖೋಲಿಗೆ ಸುಹಾನಾ ಬಂದಳು. ಉತ್ತರ ಪ್ರದೇಶದವಳು, ಗಂಡ ಹೊಸ ಮನೆಗಳ ಛತ್ತಿಗೆ ಪಿಒಪಿ ಗಿಲಾವು ಮಾಡುತ್ತಾನೆ. ಏಳು ತಿಂಗಳ ಬಸುರಿ, ಯಾರೂ ಜಾಮೀನು ನಿಲ್ಲದ್ದರಿಂದ ಹೆದ್ದಾರಿ ದಾಟಿ ಧಾಬಾದಿಂದ ನೀರು ಹೊತ್ತು ತರುತ್ತಿದ್ದಳು. ಒಂದು ದಿನ ಲಾರಿಯ ಹಾರ್ನಿಗೆ ಬೆಚ್ಚಿ ಕೊಡದ ಸಮೇತ ಕುಸಿದು ಕುಳಿತಳು. ಭರಮವ್ವ ಹಂಚಿನ ಮೇಲಿನ ರೊಟ್ಟಿ ಬಿಟ್ಟು ಓಡಿ ಎಬ್ಬಿಸಿದಳು.

ಅದೇ ವಾರ ಪುರಸಭೆಯವರು ಸಮುದಾಯ ಭವನದಲ್ಲಿ ಮೇಜು ಹಾಕಿದ್ದರು. ಹೊರಗಿನಿಂದ ದುಡಿಯಲು ಬಂದವರು ಹೆಸರು ಬರೆಸಿದರೆ ನಳದ ಚೀಟಿ, ಬಸುರಿಯರಿಗೆ ಅಂಗನವಾಡಿಯ ಊಟ. ಅರ್ಜಿಗೆ ಆ ವಾರ್ಡಿನ ಮತದಾರರೊಬ್ಬರ ಸಹಿ ಬೇಕು.

"ನಡಿಯವಾ, ನಾ ಹಾಕ್ತೇನಿ," ಎಂದು ಭರಮವ್ವ ಅವಳ ಕೈ ಹಿಡಿದು ಹೊರಟಳು. ನಾನೂ ಹಿಂದೆ ಹೋದೆ.

ಮೇಜಿನ ಹಿಂದಿದ್ದ ಗುಮಾಸ್ತ ರುದ್ರೇಶ ಮತದಾರರ ಯಾದಿಯ ಮೇಲೆ ಬೆರಳಾಡಿಸಿದ. "ಅವ್ವಾರ, ನಿಮ್ಮ ಹೆಸರು ಇದರಾಗ ಇಲ್ರಿ."

"ಚಾಳೀಸ ಹಾಕ್ಕೊಂಡು ನೋಡೋ ತಮ್ಮಾ. ನಾ ಇಲ್ಲಂದ್ರ ಆ ಓಣ್ಯಾಗ ನಳಾನೂ ಇಲ್ಲ."

"ಓಟು ಎಲ್ಲಿ ಹಾಕ್ತೀರಿ?"

ಪ್ರತಿ ಚುನಾವಣೆಗೂ ಗಂಡನ ಊರಿನಿಂದ ಭರಮವ್ವನನ್ನು ಕರೆದೊಯ್ಯಲು ಮೈದುನನ ಟೆಂಪೋ ಬರುತ್ತದೆ. ಓಟನ್ನು ಅಲ್ಲಿಂದ ಕಿತ್ತು ಇಲ್ಲಿಗೆ ತಂದರೆ ಗಂಡನ ಮನೆಯ ಹಕ್ಕು ಬಿಟ್ಟಂತೆ ಎಂದು ಅವನು ಹೇಳಿದ್ದ, ಇವಳು ನಂಬಿದ್ದಳು. ಟೆಂಪೋದಲ್ಲಿ ಹೋಗಿ ಗೋಧಿ ಹುಗ್ಗಿ ಉಂಡು ಬರುವುದು ಅವಳಿಗೊಂದು ಹೆಮ್ಮೆ.

"ಯಲವಿಗ್ಯಾಗ," ಎಂದಳು ಸಣ್ಣಗೆ.

"ಹಂಗಾರ ಕಾಗದದಾಗ ನೀವೂ ಹೊರಗಿನವರ ಆದ್ರಿ. ನೀವೂ ಒಂದು ಅರ್ಜಿ ತುಂಬ್ರಿ. ಇವತ್ತ ಕಡೀ ದಿನ."

ಭರಮವ್ವ ನನ್ನತ್ತ ತಿರುಗಿದಳು. "ಕಾಕಾ, ನೀವು ತಡಸದಿಂದ ಬಂದಾಗ ಜಾಮೀನು ನಿಂತಾಕಿ ನಾನ ಅಲ್ಲೇನ್ರಿ?"

"ಹೌದವಾ, ನೀನ."

ನನ್ನ ಕೊಡ ಇವತ್ತಿಗೂ ಅವಳ ಕೊಡದ ಹಿಂದೆಯೇ. ಆದರೆ ಬಂದ ವರ್ಷವೇ ಓಟನ್ನು ಇಲ್ಲಿಗೆ ತಂದಿದ್ದೆ. ಇಬ್ಬರ ಅರ್ಜಿಗೂ ನಾನೇ ಸಹಿ ಹಾಕಿದೆ. ಯಾರಿಗೆ ಯಾರು ಜಾಮೀನು, ನನಗೇ ತಿಳಿಯದಾಯಿತು. ರುದ್ರೇಶ ಇಬ್ಬರಿಗೂ ಆ ದಿನದ ತಾರೀಕು ಹಾಕಿ ನಳದ ಚೀಟಿ ಕೊಟ್ಟ.

ಮರುದಿನ ನೀರು ಬಂತು. ಸುಹಾನಾ ತನ್ನ ಕೊಡವನ್ನು ಎಲ್ಲರ ಹಿಂದೆ ಇಟ್ಟಳು. ಭರಮವ್ವ ಮಾತ್ರ ಕಂಕುಳಲ್ಲಿ ಕೊಡ ಹಿಡಿದು ಸಾಲಿನ ತಲೆಗೆ ಹೋದಳು, ಮತ್ತೆ ಬಾಲಕ್ಕೆ ಬಂದಳು. ಸಾಲಿನ ತಲೆಯಲ್ಲಿದ್ದ ಅವಳ ಜಾಗವನ್ನು ಯಾರೂ ಮುಟ್ಟಿರಲಿಲ್ಲ. ನೀರು ಬರಿ ನೆಲಕ್ಕೆ ಸುರಿಯುತ್ತಿತ್ತು.

"ಏ ಯವ್ವಾ, ಲಗೂನ ಇಡು! ನೀರು ಹರದು ಹೊಂಟೈತಿ," ಎಂದು ಚಮನಬಿ ಸಾಲಿನಿಂದ ಕೂಗಿದಳು.

"ಎಲ್ಲಿ ಇಡ್ಲಿ? ಚೀಟಿ ಪ್ರಕಾರ ನಾನೂ ಈಕೀನೂ ನಿನ್ನೇನ ಬಂದೇವಿ."

ಓಣಿ ನಕ್ಕಿತು. ಅವಳು ನಗಲಿಲ್ಲ. ನನ್ನ ಮುಖ ನೋಡಿದಳು. ಕೊನೆಗೆ ಸುಹಾನಾಳ ಕೊಡವನ್ನೇ ಎತ್ತಿ ತಂದು ನಳದ ಕೆಳಗಿಟ್ಟಳು.

"ಬಸುರೀದು ಮೊದಲ ತುಂಬಲಿ. ನಂದು ಆಮ್ಯಾಲ ನೋಡೋಣು."

ಆ ಕೊಡ ತುಂಬಿ ಚೆಲ್ಲಿದರೂ ಅವಳ ಕೊಡ ಇನ್ನೂ ಕಂಕುಳಲ್ಲೇ ಇತ್ತು.